ಗರ ಬಿದ್ದರೆ ಉಳಿವು

ಚೌಕಾಬಾರದ ಮಣೆಯ ಮೇಲೆ ಸಾವು ಬಲು ಬೇಗ ಬರುತ್ತದೆ. ಹೊರಸುತ್ತು ಪೂರ್ತಿ ತಿರುಗಿ, ಒಳಸುತ್ತಿಗೆ ಇನ್ನೊಂದೇ ಮನೆ ಉಳಿದಿರುವಾಗ ಹಿಂದೆ ಕುಳಿತವರಿಗೆ ಸರಿಯಾಗಿ ಎರಡು ಬೀಳುತ್ತದೆ. ‘ಹೊಡದೆ!’ ಎಂಬ ಕೂಗು ಏಳುತ್ತದೆ. ಅಷ್ಟು ಹೊತ್ತು ಜತನದಿಂದ ನಡೆಸಿಕೊಂಡು ಬಂದ ಕಾಯಿ ಮಣೆಯಿಂದ ಎದ್ದು ಮೊದಲಿನ ಮನೆಗೆ ಹೋಗುತ್ತದೆ. ಆಡುವವರು ಚಿಕ್ಕವರಾದರೆ ಕಣ್ಣಲ್ಲಿ ನೀರು, ದೊಡ್ಡವರಾದರೆ ಹುಸಿನಗು.

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಪೋತ್ನಾಳದಂಥ ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನ ಮಕ್ಕಳನ್ನು ಯಾರೂ ಹೊರಗೆ ಬಿಡುವುದಿಲ್ಲ. ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟಿತೆಂದರೆ ಪಡಸಾಲೆಯೇ ಆಟದ ಬಯಲು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಇಪ್ಪತ್ತೈದು ಮನೆ ಬರೆದು, ನಾಲ್ಕು ಕವಡೆಯನ್ನೋ ಒಂದು ಮಗ್ಗುಲು ಉಜ್ಜಿ ಬಿಳುಪು ಮಾಡಿದ ಹುಣಸೆಬೀಜವನ್ನೋ ಹಿಡಿದು ಕುಳಿತರೆ ಹೊತ್ತು ಇಳಿದದ್ದೇ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಎಷ್ಟೋ ಕಾಯಿಗಳು ಸಾಯುತ್ತವೆ, ಕೆಲವು ಹಣ್ಣಾಗುತ್ತವೆ.

ಕಾಯಿ ಸಾಯುವ ಆಟವನ್ನು ನಾವು ಇಷ್ಟಪಟ್ಟು ಆಡುವುದೇಕೆ? ಒಂದೇ ಎಸೆತಕ್ಕೆ ಎಲ್ಲ ಹೋಗುವ ಆಟದಲ್ಲಿ ನ್ಯಾಯ ಎಲ್ಲಿದೆ? ಈ ಪ್ರಶ್ನೆಯನ್ನು ಐವತ್ತು ವರ್ಷದಿಂದ ಬಹಳ ಗಂಭೀರವಾಗಿ ಕೇಳುತ್ತಿರುವವರು ಇನ್ನೊಂದು ಬಗೆಯ ಆಟದವರು. ಅವರು ಕಂಡುಕೊಂಡದ್ದು ನಮ್ಮ ಪಡಸಾಲೆಯ ಆಟಕ್ಕೂ ಬೆಳಕು ಹಿಡಿಯುತ್ತದೆ, ಪಡಸಾಲೆಯ ಹೊರಗಿನ ಬದುಕಿಗೂ.

ಹೆಸರಿರುವ ಕಾಯಿ

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಪೆಟ್ಟಿಗೆಯಲ್ಲಿ ಮಣೆಯೂ ಇರಲಿಲ್ಲ, ಕಾಯಿಯೂ ಇರಲಿಲ್ಲ. ಇದ್ದದ್ದು ನಿಯಮಗಳ ಮೂರು ಪುಟ್ಟ ಪುಸ್ತಕ. ಕೆಲವರು ಒಂದು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ: ಒಬ್ಬ ಕತ್ತಿವರಸೆಯವ, ಒಬ್ಬಳು ಮಂತ್ರಗಾತಿ, ಒಬ್ಬ ಕಳ್ಳ. ‘ಮುಂದೆ ಒಂದು ಗವಿ ಇದೆ, ಒಳಗಿಂದ ತಣ್ಣನೆಯ ಗಾಳಿ ಬರುತ್ತಿದೆ’ ಎಂದು ಕಥೆ ನಡೆಸುವವರು ಹೇಳಿದರೆ, ‘ನಾನು ದೀಪ ಹಚ್ಚಿ ಒಳಗೆ ಹೋಗುತ್ತೇನೆ’ ಎಂದು ಆಟಗಾರ ಹೇಳುತ್ತಾನೆ. ಆಗಬಹುದೋ ಆಗದೋ ಎಂಬಲ್ಲಿ ದಾಳ ಎಸೆಯುತ್ತಾರೆ. ಹೆಚ್ಚಾಗಿ ಬಳಸುವುದು ಇಪ್ಪತ್ತು ಮುಖದ ದಾಳ.

ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಇದು ತೀರ ಹೊಸದಾಗಿ ಕಾಣಲಿಕ್ಕಿಲ್ಲ. ಅಲ್ಲಿ ಸಾರಥಿ ರಂಗಕ್ಕೆ ಬಂದ ಪಾತ್ರವನ್ನು ‘ನೀವು ಯಾರು, ಎಲ್ಲಿಂದ ಬಂದಿರಿ’ ಎಂದು ಮಾತಾಡಿಸುತ್ತಾನೆ, ಕಥೆಯನ್ನು ಮುಂದಕ್ಕೆ ಎಳೆಯುತ್ತಾನೆ. ಇಲ್ಲಿ ಕಥೆ ನಡೆಸುವವರನ್ನೂ ಸಾರಥಿ ಎಂದೇ ಕರೆಯೋಣ. ದೊಡ್ಡಾಟದಲ್ಲಿ ಕಥೆ ಮೊದಲೇ ಗೊತ್ತು. ಈ ಕಥೆಯಾಟದಲ್ಲಿ ಮುಂದೇನು ಎಂಬುದು ಸಾರಥಿಗೂ ಪೂರ್ತಿ ಗೊತ್ತಿರುವುದಿಲ್ಲ.

ಚೌಕಾಬಾರದ ಕಾಯಿಗೆ ಹೆಸರಿಲ್ಲ. ಒಡೆದ ಬಳೆಚೂರು, ಒಂದು ಕಡ್ಡಿ, ಒಂದು ಕಾಳು ಏನಾದರೂ ಆದೀತು. ಸತ್ತರೆ ಮತ್ತೆ ಮೊದಲಿಂದ ನಡೆಯುತ್ತದೆ. ಕಥೆಯಾಟದ ಪಾತ್ರಕ್ಕೆ ಹೆಸರಿದೆ, ಊರಿದೆ, ಗೆಳೆಯರಿದ್ದಾರೆ. ತಿಂಗಳುಗಟ್ಟಲೆ ಆಡುತ್ತ ಬಂದಂತೆ ಅದಕ್ಕೊಂದು ಬಾಳುವೆ ಬೆಳೆಯುತ್ತದೆ. ಆ ಪಾತ್ರ ಸತ್ತರೆ ಆಡಿದವರಿಗೆ ನಿಜವಾದ ದುಃಖವಾಗುತ್ತದೆ. ಹಾಗಾಗಿ, ಪಾತ್ರ ಯಾವಾಗ ಸಾಯಬೇಕು, ಹೇಗೆ ಸಾಯಬೇಕು ಎಂಬುದು ಈ ಆಟದಲ್ಲಿ ದೊಡ್ಡ ಚರ್ಚೆಯಾಯಿತು.

ವಿಷಕ್ಕೊಂದು ಗರ

ಆ ಮೊದಲ ಪುಸ್ತಕಗಳಲ್ಲೇ ಒಂದು ವಿಶೇಷ ಎಸೆತವಿತ್ತು. ಇಂಗ್ಲಿಷಿನಲ್ಲಿ ಅದನ್ನು ‘ಸೇವಿಂಗ್ ಥ್ರೋ’ ಎನ್ನುತ್ತಾರೆ. ಕನ್ನಡದಲ್ಲಿ ‘ಉಳಿವಿನ ಗರ’ ಎನ್ನಬಹುದು. ಪಗಡೆ, ಚೌಕಾಬಾರ ಆಡುವವರಿಗೆ ಗರ ಎಂದರೆ ಎಸೆತ, ಎಸೆತಕ್ಕೆ ಬಿದ್ದ ಎಣಿಕೆ. ನಾಲ್ಕು ಅಥವಾ ಎಂಟು ಬಿದ್ದು ಮತ್ತೊಂದು ಎಸೆತ ಸಿಕ್ಕಿದಾಗ ‘ಗರ ಬಿತ್ತು’ ಎಂದು ಹಿಗ್ಗುವುದೂ ಉಂಟು. ಸಂಸ್ಕೃತದಿಂದ ಬಂದ ಇನ್ನೊಂದು ‘ಗರ’ಕ್ಕೆ ವಿಷ ಎಂದರ್ಥ. ಎರಡು ಗರಗಳೂ ಈ ಆಟದಲ್ಲಿ ಎದುರುಬದುರಾದವು.

ಹಾವು ಕಚ್ಚಿತು, ಚೇಳು ಕುಟುಕಿತು ಎಂದರೆ ಆ ಹಳೆಯ ನಿಯಮದಲ್ಲಿ ಪಾತ್ರದ ಜೀವ ಒಂದೇ ಎಸೆತದ ಮೇಲೆ ನಿಲ್ಲುತ್ತಿತ್ತು. ಹೊಸದಾಗಿ ಕತ್ತಿ ಹಿಡಿದವನ ಪಾತ್ರವಾದರೆ ಇಪ್ಪತ್ತು ಮುಖದ ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು. ಅಂದರೆ ಇಪ್ಪತ್ತರಲ್ಲಿ ಒಂಬತ್ತು ಅವಕಾಶ, ನೂರಕ್ಕೆ 45. ನೋಡಿದವರನ್ನು ಕಲ್ಲು ಮಾಡುವ ಕಣ್ಣಿನಂಥ ಅಪಾಯಕ್ಕೆ 14 ಬೇಕು, ಅಂದರೆ ನೂರಕ್ಕೆ 35. ಬಿದ್ದರೆ ಉಳಿದ, ಬೀಳದಿದ್ದರೆ ಅಲ್ಲಿಗೆ ಮುಗಿಯಿತು. ಪಾತ್ರ ಅನುಭವ ಗಳಿಸಿದಂತೆ ಬೇಕಾದ ಅಂಕಿ ಇಳಿಯುತ್ತಿತ್ತು. ಪಳಗಿದವನು ಹೊಸಬನಿಗಿಂತ ಸುಲಭವಾಗಿ ಬದುಕುತ್ತಿದ್ದ.

ಈ ಗರವನ್ನು ಕೆಲವರು ಆಡಿಕೊಂಡರು. ಬಂಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಮನುಷ್ಯನ ಮೇಲೆ ಡ್ರ್ಯಾಗನ್ ಬೆಂಕಿ ಉಗುಳಿದರೆ, ದಾಳ ಎಸೆದು ಅವನು ಉಳಿಯುವುದು ಹೇಗೆ ಎಂಬುದು ಅವರ ಕೊಂಕು. ಗೈಗ್ಯಾಕ್ಸ್ 1979ರಲ್ಲಿ ಸಾರಥಿಗಳಿಗಾಗಿ ಬರೆದ ಕೈಪಿಡಿಯಲ್ಲಿ ಅದಕ್ಕೆ ಉತ್ತರ ಕೊಟ್ಟರು. ಯಾಕೆ ಉಳಿಯಬಾರದು? ಬಂಡೆಯಲ್ಲಿ ಒಂದು ಬಿರುಕು ಸಿಕ್ಕಿರಬಹುದು, ಆ ಕ್ಷಣಕ್ಕೆ ಸರಪಳಿಯ ಕೊಂಡಿ ಕಳಚಿರಬಹುದು. ಬೆಂಕಿ ಉಗುಳುವ ಡ್ರ್ಯಾಗನ್ ಇದೆಯೆಂದು ನಂಬಿದವರಿಗೆ ಇದನ್ನು ನಂಬಲು ಏನು ಕಷ್ಟ? ಆಟದಲ್ಲಿ ಪಾತ್ರವೇ ಮುಖ್ಯ, ಅದಕ್ಕೆ ಎಷ್ಟೇ ಸಣ್ಣದಾದರೂ ಒಂದು ಅವಕಾಶ ಇರಲೇಬೇಕು ಎಂಬುದು ಅವರ ಮಾತಿನ ತಿರುಳು.

ಆದರೆ ಅದೇ ಗೈಗ್ಯಾಕ್ಸ್ ಗರವೇ ಇಲ್ಲದ ಸಾವನ್ನೂ ಕಟ್ಟಿದ್ದರು. 1975ರಲ್ಲಿ ಒಂದು ಆಟದ ಮೇಳಕ್ಕೆಂದು ಸಿದ್ಧಪಡಿಸಿ, 1978ರಲ್ಲಿ ಅಚ್ಚು ಹಾಕಿಸಿದ ‘ಟೂಂಬ್ ಆಫ್ ಹಾರರ್ಸ್’ ಎಂಬ ಕಥೆಯಲ್ಲಿ ಒಂದು ಗೋರಿ ಇದೆ. ಅದರ ಓಣಿಯ ಕೊನೆಗೆ ಗೋಡೆಯ ಮೇಲೆ ಬಾಯಿ ತೆರೆದ ಹಸಿರು ರಕ್ಕಸನ ಮುಖ. ಬಾಯೊಳಗೆ ಕಪ್ಪು ಕತ್ತಲು. ದಾರಿ ಇರಬೇಕೆಂದು ಯಾರಾದರೂ ಒಳಗೆ ನುಸುಳಿದರೆ ಮುಗಿಯಿತು. ದಾಳ ಎಸೆಯುವ ಮಾತೇ ಇಲ್ಲ, ಮೈಯ ಒಂದು ಚೂರೂ ಉಳಿಯುವುದಿಲ್ಲ. ಎಷ್ಟೋ ಮೇಜುಗಳಲ್ಲಿ ಎಷ್ಟೋ ಪಾತ್ರಗಳು ಆ ಬಾಯಿಗೆ ಹೋದವು. ಮೋಸ ಎಂದು ಕೂಗಿದವರು ಹಲವರು. ನುಸುಳುವ ಮೊದಲು ಒಂದು ಕೋಲನ್ನು ಒಳಗೆ ಚಾಚಿ ನೋಡಿದ್ದರೆ ಅದರ ತುದಿ ಮಾಯವಾದದ್ದು ಕಾಣುತ್ತಿತ್ತು, ಚಾಚದೆ ಹೋದವರದೇ ತಪ್ಪು ಎಂದವರೂ ಹಲವರು.

ಈ ಜಗಳದಲ್ಲಿ ಯಾರು ಸರಿ? ಉತ್ತರ ಹುಡುಕಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮ ಮನೆಯ ಮಣೆಗಳನ್ನೇ ಸಾಲಾಗಿ ಇಟ್ಟು ನೋಡಬಹುದು.

ಮೂರು ಮಣೆ, ಮೂರು ಸಾವು

ಹಾವು-ಏಣಿಯಲ್ಲಿ ಹಾವು ಕಣ್ಣೆದುರೇ ಇದೆ. ಕೊನೆಯ ಮನೆಯ ಹತ್ತಿರ ಬಾಯಿ ತೆರೆದು ಕುಳಿತಿದೆ. ಆದರೆ ಆಡುವವರು ಮಾಡುವುದೇನೂ ಇಲ್ಲ. ದಾಳ ಹೇಳಿದಷ್ಟು ನಡೆಯಬೇಕು, ಹಾವಿನ ಬಾಯಿಗೆ ಬಂದರೆ ಇಳಿಯಬೇಕು. ಸುಳಿವು ಇದೆ, ಆಯ್ಕೆ ಇಲ್ಲ. ಹಿಂದಿನವರು ಇದರ ಹಳೆಯ ರೂಪವನ್ನು ಪುಣ್ಯ-ಪಾಪದ ಪಾಠವಾಗಿ ಆಡಿದರು: ಏಣಿ ಪುಣ್ಯ, ಹಾವು ಪಾಪ. ಪಾಠ ಒಳ್ಳೆಯದು. ಆಟವಾಗಿ ಮಾತ್ರ ಅದು ಪುಟ್ಟ ಮಕ್ಕಳಿಗೆ ಸಾಕು, ಸ್ವಲ್ಪ ಬೆಳೆದವರಿಗೆ ಬೇಸರ ಬರುತ್ತದೆ.

ಹುಲಿ-ಕುರಿ ಆಟ ಇದರ ತದ್ವಿರುದ್ಧ. ಹಂಪಿಯ ಗುಡಿಗಳ ಹಾಸುಗಲ್ಲಿನ ಮೇಲೆ ಇಂಥ ಆಟದ ಗೆರೆಗಳು ಇಂದಿಗೂ ಕಾಣುತ್ತವೆ. ಇಲ್ಲಿ ದಾಳವೇ ಇಲ್ಲ. ಕುರಿಯ ಹಿಂದಿನ ಮನೆ ಖಾಲಿ ಬಿಟ್ಟರೆ ಹುಲಿ ಹಾರಿ ತಿನ್ನುತ್ತದೆ. ತಿಂದ ಕುರಿ ಮರಳಿ ಬರುವುದಿಲ್ಲ. ಉಳಿಸಲು ಯಾವ ಗರವೂ ಇಲ್ಲ. ಆದರೂ ಯಾರೂ ಇದನ್ನು ಮೋಸ ಎನ್ನುವುದಿಲ್ಲ. ಎಲ್ಲ ಕಣ್ಣೆದುರೇ ಇತ್ತು, ಕಾಯಿ ನಡೆಸಿದ್ದು ನಮ್ಮದೇ ಕೈ.

ಚೌಕಾಬಾರ ಇವೆರಡರ ನಡುವೆ ನಿಲ್ಲುತ್ತದೆ. ಬೀಳುವುದು ಕವಡೆಯ ಇಚ್ಛೆ, ಯಾವ ಕಾಯಿ ನಡೆಸಬೇಕು ಎಂಬುದು ನಮ್ಮ ಇಚ್ಛೆ. ಅಡ್ಡಗೆರೆ ಎಳೆದ ಕಟ್ಟೆಮನೆಯಲ್ಲಿ ಕುಳಿತ ಕಾಯಿಯನ್ನು ಹೊಡೆಯುವಂತಿಲ್ಲ. ಕೆಲವು ಊರುಗಳಲ್ಲಿ ಒಂದೇ ಮನೆಯಲ್ಲಿ ಜೋಡಿಯಾದ ಕಾಯಿಗಳನ್ನೂ ಒಂಟಿ ಕಾಯಿ ಹೊಡೆಯುವಂತಿಲ್ಲ. ಅಪಾಯವನ್ನು ಲೆಕ್ಕ ಹಾಕಲೂ ಬರುತ್ತದೆ. ನಾಲ್ಕು ಕವಡೆ ಎಸೆದಾಗ ಒಂದೊಂದೂ ಬಾಯಿ ಮೇಲಾಗಿ ಅಥವಾ ಬೆನ್ನು ಮೇಲಾಗಿ ಬೀಳುತ್ತದೆ. ಎಲ್ಲ ಸೇರಿ 16 ಬಗೆ. ಎರಡಕ್ಕೂ ಸಮ ಅವಕಾಶ ಎಂದಿಟ್ಟುಕೊಂಡರೆ, 16ರಲ್ಲಿ ಒಂದು ಬೀಳುವುದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ. ನಾಲ್ಕೂ ಬಾಯಿ ಮೇಲಾದ ಚೌಕಕ್ಕೆ 1, ನಾಲ್ಕೂ ಬೋರಲಾಗಿ ಬಿದ್ದು ಎಂಟೆಂದು ಎಣಿಸುವ ಬಾರಕ್ಕೆ 1. ಹಾಗಾದರೆ ಎದುರಾಳಿಯ ಕಾಯಿಯಿಂದ ಎರಡು ಮನೆ ಮುಂದೆ ನಿಲ್ಲುವುದು ತೀರ ಅಪಾಯ. ಎಂಟು ಮನೆ ಮುಂದೆ ಇದ್ದರೆ ಹೆಚ್ಚುಕಡಿಮೆ ನಿಶ್ಚಿಂತೆ. ‘ಎರಡರ ಮುಂದ ನಿಲ್ಲಬ್ಯಾಡ’ ಎಂದು ಅಜ್ಜಿ ಎಚ್ಚರಿಸಿದರೆ ಅದರ ಹಿಂದೆ ಇರುವುದು ಇದೇ ಲೆಕ್ಕ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಆಟಗಳಲ್ಲಿ ಮುಳುಗಿದ ಅರಸರು. ಹೊಸ ಹೊಸ ಮಣೆಗಳನ್ನು ತಾವೇ ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಅರಮನೆಯಿಂದ ಪಡಸಾಲೆಯವರೆಗೆ ಎಲ್ಲರಿಗೂ ಹಿಡಿಸಿದ್ದು ಅದೃಷ್ಟವೂ ಜಾಣ್ಮೆಯೂ ಬೆರೆತ ಮಣೆ.

ಮೂರು ಮಣೆ ನೋಡಿದ ಮೇಲೆ ಒಂದು ಮಾತು ಹೇಳಬಹುದು. ಆಟದಲ್ಲಿ ಸಾವು ಇದ್ದರೆ ಆಡುವವರು ಮುನಿಯುವುದಿಲ್ಲ. ಸುಳಿವು ಕೊಡದೆ ಬಂದ ಸಾವಿಗೆ, ಆಯ್ಕೆ ಕೊಡದೆ ಬಂದ ಸಾವಿಗೆ ಮುನಿಯುತ್ತಾರೆ. ಮೊದಲು ಸುಳಿವು, ಆಮೇಲೆ ಆಯ್ಕೆ, ಎಲ್ಲ ಕೈಮೀರಿದಾಗ ಕೊನೆಯ ಗರ. ಈ ಕ್ರಮ ಇದ್ದರೆ ಎಂಥ ಘೋರ ಅಪಾಯವೂ ನ್ಯಾಯವೆನಿಸುತ್ತದೆ.

ಯಕ್ಷನ ಕೊಳ

ಈ ಕ್ರಮ ನಮ್ಮವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಮಹಾಭಾರತದ ಯಕ್ಷಪ್ರಶ್ನೆಯನ್ನು ನೆನೆಸಿಕೊಳ್ಳಿ. ಕಾಡಿನಲ್ಲಿ ಬಾಯಾರಿದ ಪಾಂಡವರಿಗೆ ಒಂದು ಕೊಳ ಕಾಣುತ್ತದೆ. ನೀರು ತರಲು ಮೊದಲು ಹೋದವನು ನಕುಲ. ಇದು ನನ್ನ ಕೊಳ, ನನ್ನ ಪ್ರಶ್ನೆಗೆ ಉತ್ತರಿಸದೆ ಕುಡಿಯಬೇಡ ಎಂದು ಒಂದು ದನಿ ಎಚ್ಚರಿಸುತ್ತದೆ. ಅವನು ಕೇಳದೆ ಕುಡಿದ, ಅಲ್ಲೇ ಬಿದ್ದ. ಸಹದೇವ, ಅರ್ಜುನ, ಭೀಮ ಮೂವರಿಗೂ ಅದೇ ಎಚ್ಚರಿಕೆ ಸಿಕ್ಕಿತು, ಮೂವರೂ ಅದನ್ನು ಮೀರಿದರು, ಮೂವರೂ ಬಿದ್ದರು. ಅವರಿಗೆ ಇನ್ನೊಂದು ಸುಳಿವೂ ಇತ್ತು: ದಡದಲ್ಲಿ ಬಿದ್ದಿದ್ದ ತಮ್ಮವರೇ. ಕೊನೆಗೆ ಬಂದ ಧರ್ಮರಾಯನಿಗೂ ಅಷ್ಟೇ ಬಾಯಾರಿಕೆ. ಅವನು ನಿಂತ, ಕೇಳಿದ, ಉತ್ತರಿಸಿದ. ತನ್ನ ಜೀವದ ಜೊತೆ ನಾಲ್ವರ ಜೀವವನ್ನೂ ಪಡೆದ.

ಒಂದು ಗುಟುಕಿಗೆ ಸಾವು ಎಂಬ ಆ ಕೊಳ ಹಸಿರು ರಕ್ಕಸನ ಬಾಯಿಯಷ್ಟೇ ಭಯಂಕರ. ಆದರೂ ಯಕ್ಷ ಮೋಸ ಮಾಡಿದ ಎಂದು ಯಾರೂ ಹೇಳುವುದಿಲ್ಲ. ಅವನು ಐವರಿಗೂ ಹೇಳಿಯೇ ಹೇಳಿದ. ಒಳ್ಳೆಯ ಸಾರಥಿ ಮಾಡಬೇಕಾದ್ದೂ ಅಷ್ಟೇ.

ಸಭೆಯ ಪಗಡೆಯಾಟದಲ್ಲಿ ಇದೇ ಧರ್ಮರಾಯ ಬೇರೆಯಾಗಿ ಕಾಣುತ್ತಾನೆ. ಅಲ್ಲಿ ಪ್ರತಿ ಸೋಲೂ ಒಂದು ಸುಳಿವು. ಆಟ ಬಿಟ್ಟು ಏಳುವ ಆಯ್ಕೆ ಪ್ರತಿ ಸಲವೂ ಇತ್ತು. ಅವನು ಎರಡನ್ನೂ ಬಿಟ್ಟು ಗರವನ್ನೇ ನೆಚ್ಚಿದ. ಕೊಳದ ದಡದಲ್ಲಿ ಗರಕ್ಕಿಂತ ಮೊದಲು ಮಾಡಬೇಕಾದ್ದನ್ನು ಮಾಡಿದ. ಒಬ್ಬನೇ ಮನುಷ್ಯ, ಎರಡು ಬಗೆಯ ಆಟ.

ಒಂದು ಗರದಿಂದ ಮೂರು ಗರಕ್ಕೆ

ಕಾಲ ಹೋದಂತೆ ಕಥೆಯಾಟದವರೂ ಕಲಿತರು. 2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೆಯ ಆವೃತ್ತಿಯಲ್ಲಿ ಪೆಟ್ಟು ತಿಂದು ಬಿದ್ದ ಪಾತ್ರ ಸಾಮಾನ್ಯವಾಗಿ ಒಡನೆ ಸಾಯುವುದಿಲ್ಲ. ತನ್ನ ಸರದಿ ಬಂದಾಗೆಲ್ಲ ಒಂದು ಗರ ಎಸೆಯುತ್ತದೆ. 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಗೆಲುವಾದರೆ ಜೀವ ನಿಲ್ಲುತ್ತದೆ, ಮೂರು ಸೋಲಾದರೆ ಹೋಗುತ್ತದೆ. 20 ಬಿದ್ದರೆ ಎದ್ದೇ ಕೂಡುತ್ತದೆ, 1 ಬಿದ್ದರೆ ಎರಡು ಸೋಲು. ಲೆಕ್ಕ ಹಾಕಿದರೆ ಯಾರೂ ನೆರವಾಗದಿದ್ದರೂ ಹತ್ತರಲ್ಲಿ ಸುಮಾರು ಆರು ಸಲ ಪಾತ್ರ ಉಳಿಯುತ್ತದೆ.

ಲೆಕ್ಕಕ್ಕಿಂತ ಹಿರಿದಾದದ್ದು ಇನ್ನೊಂದಿದೆ. ಮೂರು ಗರ ಎಂದರೆ ನಡುವೆ ಹೊತ್ತು ಸಿಗುತ್ತದೆ. ಆ ಹೊತ್ತಿನಲ್ಲಿ ಜೊತೆಗಾರರು ಓಡಿಬಂದು ಮದ್ದು ಹಾಕಬಹುದು. ಕಲ್ಲು ಮಾಡುವ ಕಣ್ಣಿಗೂ ಹೀಗೇ ಎರಡು ಹಂತ ಬಂತು: ಗರ ತೀರ ಕೆಟ್ಟು ಬಿದ್ದರೆ ಮಾತ್ರ ತಕ್ಷಣ ಕಲ್ಲು, ಇಲ್ಲವಾದರೆ ಮೈ ಬಿಗಿಯತೊಡಗುತ್ತದೆ, ಇನ್ನೊಂದು ಗರಕ್ಕೆ ಅವಕಾಶವಿರುತ್ತದೆ. ಒಬ್ಬನ ಅದೃಷ್ಟದ ಪ್ರಶ್ನೆಯಾಗಿದ್ದ ಸಾವು ಇಡೀ ಗುಂಪಿನ ಹೊಣೆಯಾಯಿತು. ಹಳೆಯ ಬಿಗಿಯೇ ಚೆನ್ನಾಗಿತ್ತು, ಈಗ ಭಯವೇ ಇಲ್ಲ ಎಂದು ಗೊಣಗುವವರೂ ಇದ್ದಾರೆ. ಭಯ ಇರಲೇಬೇಕು, ಇಲ್ಲದಿದ್ದರೆ ಯಾರೂ ಸುಳಿವಿನ ಕಡೆ ನೋಡುವುದಿಲ್ಲ. ಎಷ್ಟಿರಬೇಕು ಎಂಬುದನ್ನು ಆಡುವವರೇ ಮೊದಲು ಕೂತು ಮಾತಾಡಿಕೊಳ್ಳಬೇಕು.

ಮನೆಯಲ್ಲೇ ಆಡಿ: ಹಗೇವಿನ ನಿಧಿ

ಇಂಥ ಆಟಕ್ಕೆ ವಿದೇಶದ ಪೆಟ್ಟಿಗೆ ಬೇಕಿಲ್ಲ. ನಾಲ್ಕು ಕವಡೆ, ಒಂದು ಹಾಳೆ, ಒಬ್ಬ ಸಾರಥಿ, ಮೂರೋ ನಾಲ್ಕೋ ಪಾತ್ರ ಸಾಕು. ಗಂಡಾಂತರ ಬಂದಾಗ ಕವಡೆ ಎಸೆಯಿರಿ.

ಹಗುರ ಗಂಡಾಂತರ: ಎರಡು ಅಥವಾ ಹೆಚ್ಚು ಬಿದ್ದರೆ ಉಳಿವು. 16ರಲ್ಲಿ 12 ಅವಕಾಶ.

ನಡುವಿನ ಗಂಡಾಂತರ: ಮೂರು ಅಥವಾ ಹೆಚ್ಚು ಬೀಳಬೇಕು. 16ರಲ್ಲಿ 6 ಅವಕಾಶ.

ಘೋರ ಗಂಡಾಂತರ: ಚೌಕ ಅಥವಾ ಬಾರವೇ ಬೀಳಬೇಕು. 16ರಲ್ಲಿ 2 ಅವಕಾಶ.

ಜೊತೆಗಾರರು ಮೊದಲೇ ನೆರವಿಗೆ ನಿಂತಿದ್ದರೆ ಎರಡು ಸಲ ಎಸೆದು ಒಳ್ಳೆಯದನ್ನು ಇಟ್ಟುಕೊಳ್ಳಿ. ನಡುವಿನ ಗಂಡಾಂತರದಲ್ಲಿ ಒಂಟಿಯಾಗಿ ಉಳಿಯುವ ಅವಕಾಶ ನೂರಕ್ಕೆ 37 ಅಥವಾ 38. ಜೊತೆ ಇದ್ದರೆ 61. ಕವಡೆಗಳು ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುದಿಲ್ಲ ಎಂಬ ಅನುಮಾನವಿದ್ದರೆ ನೂರು ಸಲ ಎಸೆದು ಬರೆದಿಡಿ. ನಿಮ್ಮ ಮನೆಯ ಕವಡೆಯ ಗುಣ ನಿಮಗೇ ತಿಳಿಯುತ್ತದೆ.

ಸಾರಥಿಗೆ ಎರಡು ಕಟ್ಟಳೆ. ಕೊಲ್ಲುವ ಅಪಾಯಕ್ಕೆ ಕಡಿಮೆಯೆಂದರೆ ಎರಡು ಸುಳಿವು ಕೊಡಬೇಕು. ಗರಕ್ಕೆ ಮುಂಚೆ ‘ಖರೇನ ಮಾಡ್ತೀ ಏನು?’ ಎಂದು ಒಮ್ಮೆ ಕೇಳಬೇಕು. ಆಟ ಹೇಗೆ ಸಾಗಬಹುದು ಎಂಬುದಕ್ಕೆ ಒಂದು ಮಾದರಿ ನೋಡಿ. ಅಕ್ಕ ಸಾರಥಿ, ತಮ್ಮ ಮತ್ತು ತಂಗಿ ಪಾತ್ರಗಳು.

ಅಕ್ಕ: ಹಾಳು ವಾಡೇದ ಅಂಗಳದಾಗ ಒಂದು ಹಗೇವು ಐತಿ. ಬಾಯಿ ಮ್ಯಾಲಿನ ಬಂಡಿ ಸರಿಸೀರಿ. ಒಳಗ ಬರೇ ಕತ್ತಲ. ಮುಗ್ಗಲು ವಾಸನಿ ಬರಾಕತ್ತೈತಿ.

ತಮ್ಮ: ನಿಧಿ ಅದರಾಗ ಇರಬೇಕು ಅಕ್ಕಾ. ನಾ ಇಳೀತೀನಿ.

ತಂಗಿ: ತಡಿಯೋ ಅಣ್ಣಾ. ನಾ ಒಂದು ದೀಪ ಹಗ್ಗಕ್ಕ ಕಟ್ಟಿ ಬಿಡ್ತೀನಿ.

ಅಕ್ಕ: ಎರಡು ಮಳ ಇಳಿದಿರಬೇಕು, ದೀಪ ಆರಿತು. ಆರೂಕಿಂತ ಮೊದಲ ತಳದಾಗ ಒಂದು ಸತ್ತ ಇಲಿ ಕಂಡಿತು.

ತಮ್ಮ: ಗಾಳಿಗೆ ಆರಿದ್ದೀತು.

ಅಕ್ಕ: ಗಾಳಿ ಎಲ್ಲಿ ಐತಿ? ಖರೇನ ಇಳೀತೀ ಏನು?

ತಮ್ಮ: ಖರೇನ.

ತಂಗಿ: ಹಂಗಾದ್ರ ನಿನ್ನ ನಡಕ್ಕ ಹಗ್ಗ ಕಟ್ಟಿ ನಾ ಮ್ಯಾಲ ಹಿಡಕೊಂಡು ನಿಂದರ್ತೀನಿ.

ಕವಡೆ ಬಿದ್ದವು: ಒಂದು. ಮೂರು ಬೇಕಿತ್ತು. ತಮ್ಮನ ಪಾತ್ರದ ಕಣ್ಣು ಕತ್ತಲೆಗಟ್ಟಿತು. ತಂಗಿ ಹಗ್ಗ ಹಿಡಿದಿದ್ದಳಾದ್ದರಿಂದ ಇನ್ನೊಂದು ಎಸೆತ. ಈ ಸಲ ಮೂರು. ಅವಳು ಎಳೆದು ಮೇಲಕ್ಕೆ ಹಾಕಿದಳು. ನಿಧಿ ಅಲ್ಲೇ ಉಳಿಯಿತು, ಅಣ್ಣ ಉಳಿದ. ಎರಡನೆಯ ಗರವೂ ಸೋತಿದ್ದರೆ ತಮ್ಮನಿಗೆ ಅಳು ಬರುತ್ತಿತ್ತು. ‘ನೀ ಹೇಳಲೇ ಇಲ್ಲ’ ಎಂದು ಅಕ್ಕನ ಮೇಲೆ ಜಗಳಕ್ಕೆ ಹೋಗಲು ಮಾತ್ರ ಆಗುತ್ತಿರಲಿಲ್ಲ. ಮುಂದಿನ ಸಲ ದೀಪ ಆರಿದರೆ ಅವನೇ ಮೊದಲು ‘ತಡಿ’ ಎನ್ನುತ್ತಾನೆ.

ಹಗೇವು ಹೇಳುವ ಪಾಠ

ಹಗೇವು ಎಂದರೇನು ಎಂದು ಇಂದಿನ ಎಷ್ಟೋ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಮಾನ್ವಿ, ಸಿಂಧನೂರು ಕಡೆ ಭತ್ತದ ಗದ್ದೆಗಳು ಹರಡುವ ಮೊದಲು ಈ ಸೀಮೆಯ ಮುಖ್ಯ ಕಾಳು ಜೋಳ. ಅದನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದಲ್ಲಿ ಆಳವಾದ ಕುಣಿ ತೋಡುತ್ತಿದ್ದರು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರಗಾಲದಲ್ಲಿ ಅದೇ ಜೀವ ಉಳಿಸುತ್ತಿತ್ತು.

ಅದೇ ಜೀವ ತೆಗೆಯಲೂಬಹುದಿತ್ತು. ಕಾಳೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳು, ಬೂಷ್ಟು ಎಲ್ಲವೂ ಒಳಗಿನ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಬಾಯಿ ತೆರೆದ ಕೂಡಲೇ ಇಳಿದವರು ಒಂದೆರಡು ಉಸಿರಿಗೇ ಎಚ್ಚರ ತಪ್ಪಿ ಬೀಳಬಹುದು. ಕೂಗಲೂ ಹೊತ್ತು ಸಿಗುವುದಿಲ್ಲ. ಅವರನ್ನು ಎತ್ತಲು ಗಾಬರಿಯಲ್ಲಿ ಇಳಿದವರೂ ಅಲ್ಲೇ ಬೀಳುತ್ತಾರೆ. ಹಾಗಾಗಿ ಹಿರಿಯರು ಹಗೇವನ್ನು ತೆರೆದು ಬಹಳ ಹೊತ್ತು ಹಾಗೇ ಬಿಡುತ್ತಿದ್ದರು, ದೀಪ ಇಳಿಬಿಟ್ಟು ಅದು ಉರಿಯುವುದನ್ನು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವ ಮಾತಿಲ್ಲ. ದಾಳದ ಆಟ ಕಟ್ಟಿದವರು ಕಷ್ಟಪಟ್ಟು ಕಲಿತ ಪಾಠ ಅವರಿಗೆ ಕುಲಕಸುಬಿನ ಬುದ್ಧಿಯಾಗಿತ್ತು.

ಹಗೇವುಗಳು ಮರೆಯಾದರೂ ಅದರ ತಮ್ಮಂದಿರು ಇನ್ನೂ ಇದ್ದಾರೆ: ಹಾಳುಬಾವಿ, ಶೌಚದ ಗುಂಡಿ, ಮುಚ್ಚಿದ ಚರಂಡಿ. ಅಲ್ಲಿ ದೀಪದ ಪರೀಕ್ಷೆಯನ್ನೂ ಮಾಡಲು ಹೋಗಬಾರದು. ಅವುಗಳಲ್ಲಿ ಬೆಂಕಿ ತಗಲುವ ಅನಿಲವೂ ಇರಬಹುದು. ಇಳಿಯದೇ ಇರುವುದು, ಯಾರಾದರೂ ಬಿದ್ದರೆ ಹಿಂದೆ ಧುಮುಕದೆ ಅಗ್ನಿಶಾಮಕ ದಳದವರನ್ನು ಕರೆಯುವುದು, ಇಷ್ಟೇ ನಮ್ಮ ಕೆಲಸ.

ಹಾವಿನ ಮಾತೂ ಹಾಗೇ. ಆಟದ ಮೊದಲ ಪುಸ್ತಕದಲ್ಲಿ ವಿಷಕ್ಕೆ ಒಂದೇ ಗರವಿತ್ತು. ಗದ್ದೆ, ಬಣವೆ, ಇಲಿ ಇರುವ ನಮ್ಮ ಊರುಗಳಲ್ಲಿ ಹಾವು ಆಟದ ಮಾತಾಗಿ ಉಳಿಯುವುದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಇಲ್ಲಿಯೂ ಅದೇ ಮೂರು ಮೆಟ್ಟಿಲು. ಸುಳಿವು: ರಾತ್ರಿ ಬ್ಯಾಟರಿ ಹಿಡಿದು ನಡೆಯುವುದು, ಹುಲ್ಲಿನ ಬಣವೆಗೆ ನೋಡದೆ ಕೈ ಹಾಕದಿರುವುದು. ಆಯ್ಕೆ: ಬರಿ ನೆಲದ ಮೇಲೆ ಮಲಗುವ ಬದಲು ಮಂಚ, ಸೊಳ್ಳೆಪರದೆ. ಕಟ್ಟುಹಾವು ಮಲಗಿದವರನ್ನು ರಾತ್ರಿ ಕಚ್ಚುವುದೇ ಹೆಚ್ಚು, ನೋವೂ ಅಷ್ಟಾಗಿ ಇರುವುದಿಲ್ಲ. ಕೊನೆಯದು ಗರ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು ಇದೆ. ಕಚ್ಚಿದ ಜಾಗ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿಸಿಕೊಂಡವರನ್ನು ನಡೆಸದೆ, ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ದವಾಖಾನೆಗೆ ಒಯ್ದರೆ ಬದುಕುವ ಅವಕಾಶ ಬಹಳ ಹೆಚ್ಚು. ಮಂತ್ರ ಹಾಕಿಸುತ್ತ ಕುಳಿತ ಪ್ರತಿ ಗಳಿಗೆಗೂ ಆ ಅವಕಾಶ ಇಳಿಯುತ್ತ ಹೋಗುತ್ತದೆ.

ಆಟದಲ್ಲಿ ಸತ್ತ ಕಾಯಿ ಮೊದಲ ಮನೆಯಿಂದ ಮತ್ತೆ ಹೊರಡುತ್ತದೆ. ಸತ್ತ ಪಾತ್ರದ ಬದಲು ಹೊಸ ಹೆಸರು ಬರೆದುಕೊಳ್ಳಬಹುದು. ಆ ಸವಲತ್ತು ಮಣೆಯ ಮೇಲೆ ಮಾತ್ರ. ಮಕ್ಕಳು ಮಣೆಯ ಮೇಲೆ ನೂರು ಸಲ ಸಾಯಲಿ, ನೂರು ಸಲ ‘ದೀಪ ಯಾಕೆ ಆರಿತು’ ಎಂದು ಕೇಳಲಿ. ಈ ಬೇಸಿಗೆಯಲ್ಲಿ ಕವಡೆ ತೆಗೆದಾಗ ಒಂದು ಸಲ ನಿಮ್ಮ ಮನೆಯ ಹಿರಿಯರನ್ನೇ ಸಾರಥಿಯಾಗಿ ಕೂಡಿಸಿ. ಹಗೇವು, ಬಾವಿ, ಹಳ್ಳದ ಸೆಳವು, ಹಾವು ಅವರಿಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ಯಾವುದಕ್ಕೆ ಯಾವ ಸುಳಿವು ಎಂಬುದೂ ಅವರಿಗೇ ಗೊತ್ತು.